ಎಡಗೈಗೆ ಏನು ಕೊಡಬೇಕು? ಹೆಮಾ ದ್ವಂದ್ವಕ್ಕೆ ಆಯುಧದ ಜೋಡಿ ಆರಿಸುವ ಸಮಗ್ರ ಮಾರ್ಗದರ್ಶಿ

1578ರ ಏಪ್ರಿಲ್ 27ರ ಬೆಳಗ್ಗೆ ಪ್ಯಾರಿಸ್ಸಿನ ಕುದುರೆ ಸಂತೆಯ ಹತ್ತಿರ ಆರು ಜನ ಯುವಕರು ಕತ್ತಿ ಹಿಡಿದು ಸೇರಿದರು. ಮೂವರು ಆ ಕಡೆ, ಮೂವರು ಈ ಕಡೆ. ಮುಖ್ಯ ಜಗಳ ಕೇಲ್ಯೂಸ್ ಮತ್ತು ಆಂತ್ರಾಗ್ ಎಂಬಿಬ್ಬರದು. ಕೇಲ್ಯೂಸ್ ಹತ್ತಿರ ಬರೀ ರೇಪಿಯರ್, ಅಂದರೆ ತಿವಿಯಲು ಮಾಡಿದ ಉದ್ದ ತೆಳು ಕತ್ತಿ, ಇತ್ತು. ಆಂತ್ರಾಗ್ ಹತ್ತಿರ ರೇಪಿಯರ್ ಜೊತೆಗೆ ಒಂದು ಬಾಕೂ ಇತ್ತು. ನಿನಗೆ ಬಾಕು ಇದೆ, ನನಗಿಲ್ಲ ಅಂತ ಕೇಲ್ಯೂಸ್ ತಕರಾರು ತೆಗೆದ. ಮನೆಯಲ್ಲಿ ಬಿಟ್ಟು ಬಂದದ್ದು ನಿನ್ನ ತಪ್ಪು ಅಂತ ಆಂತ್ರಾಗ್ ಉತ್ತರ ಕೊಟ್ಟನಂತೆ. ಇದನ್ನು ಬರೆದಿಟ್ಟವನು ಆ ಕಾಲದ ಫ್ರೆಂಚ್ ಲೇಖಕ ಬ್ರಾಂಟೋಮ್. ಎದುರಾಳಿಯ ಕತ್ತಿಯನ್ನು ಬರೀ ಎಡಗೈಯಲ್ಲಿ ತಡೆಯಲು ಹೋಗಿ ಕೇಲ್ಯೂಸ್‌ನ ಕೈಯೆಲ್ಲ ಕೊಚ್ಚಿಹೋಯಿತು, ಮೈಮೇಲೆ 19 ಗಾಯ ಆದವು, ತಿಂಗಳ ನಂತರ ಸತ್ತ.

ಆಯುಧದ ಜೋಡಿ ಹೇಗೆ ಆರಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಕಥೆ ಹೇಳುತ್ತೇನೆ. ಕಾರಣ ಇಷ್ಟೇ. ಹೊಸಬರೆಲ್ಲ ಬಲಗೈಯ ಕತ್ತಿ ಬಗ್ಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಯಾವ ಅಲಗು, ಎಷ್ಟು ಉದ್ದ, ಯಾವ ಕಂಪನಿ. ಎಡಗೈಗೆ ಮಾತ್ರ ಕೊನೆಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ತುರುಕುತ್ತಾರೆ. ಆಗಬೇಕಾದ್ದು ಉಲ್ಟಾ. ಎಡಗೈಯ ವಸ್ತು ಬಲಗೈಯ ಯಾವ ಕೆಲಸವನ್ನು ತಪ್ಪಿಸುತ್ತದೆ ಅಂತ ಮೊದಲು ಕೇಳಿಕೊಳ್ಳಿ. ಯಾವ ಕೆಲಸವನ್ನೂ ತಪ್ಪಿಸದಿದ್ದರೆ ಅದು ಸುಮ್ನೆ ಭಾರ.

ಹೆಮಾ ಅಂದರೆ ಯುರೋಪಿನ ಹಳೇ ಕತ್ತಿವರಸೆಯನ್ನು ಆ ಕಾಲದ ಕೈಪಿಡಿಗಳನ್ನೇ ಓದಿ ಮತ್ತೆ ಕಟ್ಟುವ ಆಟ ಅಂತ ನಿಮಗೆ ಗೊತ್ತು, ಅದಕ್ಕೇ ಇಲ್ಲಿ ಬಂದಿದ್ದೀರಿ. ಹಾಗಾಗಿ ನೇರ ಕೆಲಸಕ್ಕೆ ಬರೋಣ.

ಮೊದಲು, ಯಾವ ಥರದ ದ್ವಂದ್ವ ಅಂತ ನಿರ್ಧಾರ ಮಾಡಿ

ಕ್ಲಬ್ಬಿನಲ್ಲಿ ಗೆಳೆಯನ ಜೊತೆ ಸಂಜೆ ಆಡುವುದು ಬೇರೆ, ಅಂಕ ಎಣಿಸುವ ಟೂರ್ನಮೆಂಟ್ ಬೇರೆ, ಹಳೇ ಪುಸ್ತಕದಲ್ಲಿ ಬರೆದದ್ದು ನಿಜವಾಗಿ ಕೆಲಸ ಮಾಡುತ್ತಾ ಅಂತ ನೋಡುವ ಪ್ರಯೋಗ ಬೇರೆ. ಟೂರ್ನಮೆಂಟ್ ಆದರೆ ನಿಯಮ ಓದದೆ ಜೋಡಿ ಆರಿಸಬೇಡಿ. ನಿಯಮವೇ ಆಯುಧದ ಬೆಲೆಯನ್ನು ಬದಲಿಸುತ್ತದೆ. ಇದೇನೂ ಹೊಸ ವಿಷಯ ಅಲ್ಲ. 1531ರಲ್ಲೇ ಇಟಲಿಯ ಬೊಲೊನ್ಯಾ ಶೈಲಿಯ ಗುರು ಮಾಂಚೋಲಿನೋ ತನ್ನ ಪುಸ್ತಕದಲ್ಲಿ ತಲೆಗೆ ಬಿದ್ದ ಏಟಿಗೆ ಮೂರು, ಪಾದಕ್ಕೆ ಬಿದ್ದರೆ ಎರಡು ಅಂತ ಬರೆದಿದ್ದಾನೆ. ಅಷ್ಟು ಕೆಳಗೆ ಹೊಡೆಯುವುದು ಕಷ್ಟ, ಅದಕ್ಕೆ ಎರಡು. ಈಗ ಯೋಚಿಸಿ, ಕಾಲಿಗೆ ಹೊಡೆದರೆ ಅಂಕವೇ ಇಲ್ಲ ಅನ್ನುವ ಕಡೆ ದೊಡ್ಡ ಗುರಾಣಿ ಹಿಡಿದವನನ್ನು ಮುಟ್ಟುವುದು ಹೇಗೆ? ಆಗಲ್ಲ. ಅಲ್ಲಿ ಗುರಾಣಿಗೆ ಸಿಗಬಾರದ ಬಲ ಸಿಗುತ್ತದೆ. ಹಾಗೇ ಮುಂಗೈಗೆ ಬಿದ್ದ ಏಟಿಗೂ ಪೂರ್ತಿ ಅಂಕ ಅಂದರೆ ಬಕ್ಲರ್ (ಕತ್ತಿಯ ಕೈಯನ್ನು ಕಾಯುವ ಪುಟ್ಟ ಗುರಾಣಿ) ಹಿಡಿದವನಿಗೆ ಹಬ್ಬ.

ಹಿಂದೆ ದ್ವಂದ್ವಕ್ಕೆ ಕರೆಸಿಕೊಂಡವನಿಗೆ ಆಯುಧ ಆರಿಸುವ ಹಕ್ಕು ಇತ್ತು. 1547ರ ಜುಲೈ 10ರಂದು ಫ್ರಾನ್ಸಿನ ರಾಜ ಎರಡನೇ ಹೆನ್ರಿಯ ಎದುರು ನಡೆದ ಕಾಳಗದಲ್ಲಿ ಜಾರ್ನಾಕ್ ಎಂಬಾತ ಈ ಹಕ್ಕನ್ನು ಪೂರ್ತಿ ಹಿಂಡಿದ. ಎದುರಾಳಿ ಲಾ ಶಾತೆನ್ಯೆರೇ ಒಳ್ಳೆಯ ಕುಸ್ತಿಪಟು. ಹಾಗಾಗಿ ಹತ್ತಿರ ಬಂದು ಅಪ್ಪಿ ಹಿಡಿಯಲು ಕಷ್ಟವಾಗುವಂಥ ಗುರಾಣಿ, ಕೈಕವಚ ಬೇಕು ಅಂತ ಜಾರ್ನಾಕ್ ಕಡೆಯವರು ಹಟ ಹಿಡಿದರು. ಕೊನೆಗೆ ಮೊಣಕಾಲಿನ ಹಿಂದೆ ಕಡಿದು ಜಾರ್ನಾಕ್ ಗೆದ್ದ. ಗಮನಿಸಿ, ತನಗೆ ಇಷ್ಟವಾದ ಆಯುಧ ಯಾವುದು ಅಂತ ಅವನು ನೋಡಲಿಲ್ಲ. ಎದುರಿನವನ ಬಲ ಎಲ್ಲಿದೆ, ಅದನ್ನು ಯಾವುದು ಕಟ್ಟಿಹಾಕುತ್ತದೆ ಅಂತ ನೋಡಿದ.

ಕಾಲ ಹೊಂದಿಸಿ, ಆಮೇಲೆ ಜೋಡಿ

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಜೋಡಿಗಳು ಸುಮ್ನೆ ಹುಟ್ಟಿದ್ದಲ್ಲ. ಕತ್ತಿಯ ಹಿಡಿ ಹೇಗಿದೆಯೋ ಅದರ ಮೇಲೆ ಎಡಗೈಯ ಕೆಲಸ ನಿಂತಿದೆ. 1300ರ ಸುಮಾರಿನ ಒಂಟಿಗೈ ಕತ್ತಿಗೆ ಅಡ್ಡಪಟ್ಟಿ ಬಿಟ್ಟರೆ ಬೆರಳಿಗೆ ಯಾವ ರಕ್ಷಣೆಯೂ ಇಲ್ಲ, ಅದಕ್ಕೆ ಬಕ್ಲರ್ ಬೇಕು. 1600ರ ರೇಪಿಯರ್‌ಗೆ ಹಿಡಿಯ ಸುತ್ತ ಉಂಗುರ, ಕಂಬಿ ಎಲ್ಲ ಇದೆ, ಕೈ ತಕ್ಕಮಟ್ಟಿಗೆ ಭದ್ರ. ಆದರೆ ಅಲಗು ಒಂದು ಮೀಟರಿಗಿಂತ ಉದ್ದ, ಒಮ್ಮೆ ಮೊನೆ ದಾಟಿ ಒಳಗೆ ಬಂದವನನ್ನು ತಡೆಯಲು ಇನ್ನೊಂದು ಚಿಕ್ಕ ಆಯುಧ ಬೇಕು. ಅದಕ್ಕೆ ಬಾಕು. ಲಾಂಗ್‌ಸೋರ್ಡ್‌ಗೆ ಎರಡೂ ಕೈ ಬೇಕು, ಅಲ್ಲಿ ಈ ಪ್ರಶ್ನೆಯೇ ಇಲ್ಲ. ಹೊಸಬರಿಗೆ ಅದು ಒಳ್ಳೆಯದು ಅಂತ ನಾನು ಹೇಳುವುದೂ ಇದೇ ಕಾರಣಕ್ಕೆ, ಒಂದೇ ವಸ್ತು, ಒಂದೇ ಯೋಚನೆ.

ಜೋಡಿ ಒಂದು: ಕತ್ತಿ ಮತ್ತು ಬಕ್ಲರ್

ಇಂಗ್ಲೆಂಡಿನ ಲೀಡ್ಸ್‌ನ ರಾಯಲ್ ಆರ್ಮರೀಸ್‌ನಲ್ಲಿ ಐ.33 ಎಂಬ ಹಸ್ತಪ್ರತಿ ಇದೆ. 14ನೇ ಶತಮಾನದ ಶುರುವಿನದು, ನಮಗೆ ಉಳಿದಿರುವ ಕತ್ತಿವರಸೆ ಕೈಪಿಡಿಗಳಲ್ಲೇ ಹಳೆಯದು. ಅದರಲ್ಲಿ ಒಬ್ಬ ಪಾದ್ರಿ ತನ್ನ ಶಿಷ್ಯನಿಗೆ ಕಲಿಸುತ್ತಾನೆ, ಕೊನೆಯಲ್ಲಿ ವಾಲ್ಪುರ್ಗಿಸ್ ಅನ್ನುವ ಹೆಂಗಸೂ ಕತ್ತಿ ಹಿಡಿದು ಬರುತ್ತಾಳೆ. ಪಾದ್ರಿಗೆ ಇದೆಲ್ಲ ಯಾಕೆ ಬೇಕಿತ್ತೋ ದೇವರಿಗೇ ಗೊತ್ತು. ಪುಸ್ತಕ ಪೂರ್ತಿ ಕತ್ತಿ ಮತ್ತು ಬಕ್ಲರ್ ಮೇಲೆಯೇ.

ಬಕ್ಲರ್ ಅಂದರೆ ಊಟದ ತಟ್ಟೆಯಷ್ಟು ದೊಡ್ಡ ಗುರಾಣಿ, ಅಡ್ಡಳತೆ ಸುಮಾರು 30 ಸೆಂ.ಮೀ. ಅದನ್ನು ಮುಷ್ಟಿಯಲ್ಲಿ ಹಿಡಿಯುತ್ತಾರೆ, ತೋಳಿಗೆ ಕಟ್ಟುವುದಿಲ್ಲ. ಹೊಸಬರು ಮಾಡುವ ಮೊದಲ ತಪ್ಪು ಅದನ್ನು ಎದೆಗೆ ಒತ್ತಿಕೊಂಡು ನಿಲ್ಲುವುದು. ಇಷ್ಟು ಚಿಕ್ಕ ತಟ್ಟೆ ನಿಮ್ಮ ಎದೆಯನ್ನು ಮುಚ್ಚುವುದಿಲ್ಲ. ಅದೇ ತೋಳು ಚಾಚಿ ಮುಂದೆ ಹಿಡಿದರೆ ಎದುರಾಳಿಯ ಕಣ್ಣಿಗೆ ನಿಮ್ಮ ಮೈಯ ದೊಡ್ಡ ಭಾಗವೇ ಮರೆಯಾಗುತ್ತದೆ. ಬಾಗಿಲ ಕಿಂಡಿಯನ್ನು ಹತ್ತಿರದಿಂದ ಮುಚ್ಚಲು ಒಂದು ಬೆರಳು ಸಾಕು, ಹಾಗೆ.

ಇದರ ನಿಜವಾದ ಕೆಲಸ ಮೈಯನ್ನು ಕಾಯುವುದೂ ಅಲ್ಲ, ಕತ್ತಿ ಹಿಡಿದ ಕೈಯನ್ನು ಕಾಯುವುದು. ಕಡಿಯಲು ಕೈ ಮುಂದೆ ಹೋದಾಗ ಬಕ್ಲರ್ ಕೂಡ ಅದರ ಪಕ್ಕಕ್ಕೇ ಹೋಗಬೇಕು. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗಬಾರದು ಅಂತಾರಲ್ಲ, ಇಲ್ಲಿ ಗೊತ್ತಾಗದಿದ್ದರೆ ಬೆರಳು ಹೋಗುತ್ತದೆ.

ಈ ಜೋಡಿ ನಿಮಗೆ ಆಗುತ್ತಾ ಅಂತ ನೋಡಲು ಹೀಗೆ ಮಾಡಿ. ಗೆಳೆಯನ ಕೈಗೆ ಮೆತ್ತನೆಯ ಕೋಲು ಕೊಡಿ. ನೀವು ನಿಧಾನವಾಗಿ ಹತ್ತು ಸಲ ತಲೆಗೆ ಕಡಿತ ಹಾಕಿ. ಅವನ ಕೆಲಸ ಒಂದೇ, ಪ್ರತಿ ಸಲ ನಿಮ್ಮ ಮಣಿಕಟ್ಟಿಗೆ ಹೊಡೆಯುವುದು. ಹತ್ತರಲ್ಲಿ ಎಷ್ಟು ಸಲ ಬಕ್ಲರ್‌ಗೆ ಬಿತ್ತು, ಎಷ್ಟು ಸಲ ಕೈಗೆ ಬಿತ್ತು ಎಣಿಸಿ. ಮೂರು ವಾರ ಅಭ್ಯಾಸ ಮಾಡಿಯೂ ಅರ್ಧಕ್ಕಿಂತ ಜಾಸ್ತಿ ಕೈಗೇ ಬೀಳುತ್ತಿದ್ದರೆ ನಿಮಗೆ ಬಾಕು ಹೊಂದಬಹುದು. ಇದು ನನ್ನ ಲೆಕ್ಕ, ಯಾವ ಪುಸ್ತಕದ್ದೂ ಅಲ್ಲ.

ಜೋಡಿ ಎರಡು: ರೇಪಿಯರ್ ಮತ್ತು ಬಾಕು

ನನ್ನ ಪ್ರೀತಿಯ ಜೋಡಿ ಇದು, ಹಾಗಾಗಿ ಸ್ವಲ್ಪ ಪಕ್ಷಪಾತ ಸಹಿಸಿಕೊಳ್ಳಿ. 1606ರಲ್ಲಿ ಫಾಬ್ರಿಸ್ ಮತ್ತು ಜಿಗಾಂತಿ, 1610ರಲ್ಲಿ ಕಾಪೋ ಫೆರ್ರೋ, ಮೂವರೂ ಇಟಲಿಯವರು, ಮೂವರ ಪುಸ್ತಕದಲ್ಲೂ ಈ ಜೋಡಿ ಇದೆ. ಮೂವರೂ ಮೊದಲು ಒಂಟಿ ಕತ್ತಿ ಕಲಿಸಿ ಆಮೇಲೇ ಬಾಕು ಕೊಡುತ್ತಾರೆ. ಆ ಕ್ರಮವನ್ನು ಮುರಿಯಬೇಡಿ. ಒಂಟಿ ರೇಪಿಯರ್ ಬರದವನ ಕೈಗೆ ಬಾಕು ಕೊಟ್ಟರೆ ಅವನು ರೇಪಿಯರ್‌ನಲ್ಲಿ ತಡೆಯುವುದನ್ನೇ ಮರೆತುಬಿಡುತ್ತಾನೆ.

ಬಾಕು ಏನು ಕೊಡುತ್ತದೆ? ಒಂಟಿ ಕತ್ತಿಯಲ್ಲಿ ತಡೆ ಮತ್ತು ತಿವಿತ ಎರಡನ್ನೂ ಒಂದೇ ಅಲಗು ಮಾಡಬೇಕು. ಬಾಕು ಬಂದರೆ ತಡೆಯುವ ಕೆಲಸ ಎಡಗೈಗೆ, ಅದೇ ಹೊತ್ತಿಗೆ ಬಲಗೈ ತಿವಿಯಬಹುದು. ಎರಡು ಏಟಿನ ಕೆಲಸ ಒಂದೇ ಹೊತ್ತಿಗೆ ಮುಗಿಯುತ್ತದೆ. ಇದಕ್ಕೆ ಬೆಲೆಯೂ ಇದೆ. ಒಂಟಿ ಕತ್ತಿಯವನು ಮೈಯನ್ನು ಓರೆ ಮಾಡಿ ಕಂಬದ ಥರ ತೆಳ್ಳಗೆ ನಿಲ್ಲಬಹುದು. ಬಾಕು ಮುಂದೆ ಚಾಚಬೇಕು ಅಂದರೆ ಎಡಭುಜ ಮುಂದೆ ಬರಬೇಕು, ಎದೆ ತೆರೆದುಕೊಳ್ಳುತ್ತದೆ. ಕತ್ತಿ ಮತ್ತು ಬಾಕಿನ ನಡುವೆ ಒಂದು ಕಿಂಡಿ ಹುಟ್ಟುತ್ತದೆ, ಅನುಭವಸ್ಥರು ಅಲ್ಲಿಗೇ ಗುರಿ ಇಡುತ್ತಾರೆ. ಎರಡೂ ಮೊನೆಗಳನ್ನು ಹತ್ತಿರ ಹತ್ತಿರ ಇಟ್ಟು ನಿಲ್ಲಿ, ಕಿಂಡಿ ಮುಚ್ಚಿಕೊಳ್ಳುತ್ತದೆ.

ಉದ್ದ ಎಷ್ಟಿರಬೇಕು? ಕಾಪೋ ಫೆರ್ರೋ ಪ್ರಕಾರ ಕತ್ತಿ ನಿಮ್ಮ ತೋಳಿನ ಎರಡರಷ್ಟು ಇರಬೇಕು. ಆದರೆ ಜೋಡಿಗೆ ಸರಿಹೊಂದುವ ಪರೀಕ್ಷೆ ಬೇಕಾದರೆ ಅವನ ವಿರೋಧಿ ಗುಂಪಿನ ಇಂಗ್ಲಿಷ್‌ನವನು, ಜಾರ್ಜ್ ಸಿಲ್ವರ್ ಹೇಳಿದ್ದು ಚೆನ್ನಾಗಿದೆ. ಎಡಗೈಯಲ್ಲಿ ಬಾಕು ಹಿಡಿದು ತೋಳನ್ನು ನೆಟ್ಟಗೆ ಮುಂದೆ ಚಾಚಿ. ಬಲಗೈಯ ಕತ್ತಿಯನ್ನು, ಮೊಣಕೈ ಅತಿಯಾಗಿ ಬಿಚ್ಚಿಕೊಳ್ಳದಂತೆ, ಆರಾಮಾಗಿ ಆಗುವಷ್ಟು ಹಿಂದಕ್ಕೆ ಎಳೆಯಿರಿ. ಕತ್ತಿಯ ಮೊನೆ ಬಾಕಿನಿಂದ ಈಚೆಗೆ ಬರಬೇಕು. ಬಂದರೆ ಅದು ನಿಮ್ಮ ಅಳತೆ. ಬರಲಿಲ್ಲ ಅಂದರೆ ಎದುರಾಳಿ ನಿಮ್ಮ ಅಲಗನ್ನು ಒತ್ತಿ ಹಿಡಿದಾಗ ಬಿಡಿಸಿಕೊಳ್ಳಲು ಆಗುವುದಿಲ್ಲ, ಅಂದರೆ ಕತ್ತಿ ಉದ್ದ ಜಾಸ್ತಿ. ಪೊರಕೆ ಕೋಲು, ಅಡುಗೆಮನೆಯ ಸೌಟು ಇಟ್ಟುಕೊಂಡು ಇವತ್ತೇ ಮನೆಯಲ್ಲಿ ನೋಡಬಹುದು. ಆನ್‌ಲೈನ್‌ನಲ್ಲಿ 115 ಸೆಂ.ಮೀ. ಅಲಗು ನೋಡಿ ಮರುಳಾಗುವ ಮುನ್ನ ದಯವಿಟ್ಟು ಇದನ್ನು ಮಾಡಿ. ನಾನು ಮಾಡಲಿಲ್ಲ. ಐದೂವರೆ ಅಡಿ ಮೈಗೆ ಆ ಅಲಗು ತರಿಸಿ, ಒಂದು ವರ್ಷ ಗೋಡೆಗೆ ತೂಗುಹಾಕಿ, ಆಮೇಲೆ ಅರ್ಧ ಬೆಲೆಗೆ ಮಾರಿದೆ.

ಬಾಕು ಕೊಳ್ಳುವಾಗ ಅಡ್ಡಪಟ್ಟಿಯ ಪಕ್ಕದಲ್ಲಿ ಒಂದು ಉಂಗುರ ಇದೆಯಾ ನೋಡಿ, ಹೆಬ್ಬೆರಳ ಗೆಣ್ಣು ಉಳಿಯುವುದು ಅದರಿಂದಲೇ. ಅಲಗು 30ರಿಂದ 40 ಸೆಂ.ಮೀ. ಸಾಕು.

ಉಳಿದವು

ರೊಟೆಲ್ಲಾ ಅಂದರೆ ತೋಳಿಗೆ ಕಟ್ಟುವ ದೊಡ್ಡ ದುಂಡು ಗುರಾಣಿ, ಅಡ್ಡಳತೆ 55-60 ಸೆಂ.ಮೀ. ಇದು ಎದುರಾಳಿಯಿಂದ ನಿಮ್ಮನ್ನು ಮರೆಮಾಡುತ್ತದೆ, ಜೊತೆಗೆ ನಿಮ್ಮಿಂದ ಎದುರಾಳಿಯನ್ನೂ. ಎರಡನೇ ಭಾಗ ಯಾರೂ ಹೇಳುವುದಿಲ್ಲ. ತೋಳು ಬೇಗ ಸೋಲುತ್ತದೆ, ಸೋತಾಗ ಗುರಾಣಿ ಕೆಳಗಿಳಿಯುತ್ತದೆ, ತಲೆ ಸಿಗುತ್ತದೆ.

ಕತ್ತಿ ಮತ್ತು ಮೇಲಂಗಿ ತುಂಬಾ ಮಜಾ. ಮಾರೊಝೋ 1536ರಲ್ಲಿ, ದಿ ಗ್ರಾಸ್ಸಿ 1570ರಲ್ಲಿ ಇದನ್ನು ಬರೆದಿದ್ದಾರೆ. ಬಟ್ಟೆಯನ್ನು ಎಡತೋಳಿಗೆ ಒಂದೆರಡು ಸುತ್ತು ಸುತ್ತಿ ಉಳಿದದ್ದನ್ನು ಜೋತುಬಿಡಬೇಕು. ಕಡಿತವನ್ನು ಜೋತುಬಿದ್ದ ಭಾಗದಲ್ಲಿ ಹಿಡಿಯಬೇಕು, ಸುತ್ತಿದ ತೋಳಿನಲ್ಲಿ ಅಲ್ಲ, ಹಾಗೆ ಮಾಡಿದರೆ ಮೂಳೆಗೆ ಬೀಳುತ್ತದೆ. ಜೋತುಬಿದ್ದ ಬಟ್ಟೆಯ ಹಿಂದೆ ಕಾಲು ಇಡಬೇಡಿ, ಬಟ್ಟೆ ಬಾಗುತ್ತದೆ, ಕಾಲು ಬಾಗಲ್ಲ. ತೆಳು ಬಟ್ಟೆ ಪ್ರಯೋಜನವಿಲ್ಲ, ತೂಕ ಇರುವ ಉಣ್ಣೆ ಬೇಕು. ಊರಿಂದ ತಂದ ಕುರಿ ಕಂಬಳಿ ಇದ್ದರೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ, ಅಮ್ಮನಿಗೆ ಮಾತ್ರ ಹೇಳಬೇಡಿ.

ಎರಡು ಕೈಗೆ ಎರಡು ರೇಪಿಯರ್? ಫೋಟೋಗೆ ಚೆನ್ನ. ಎಡಗೈ ಬಲಗೈಯಷ್ಟೇ ಪಳಗಿರದಿದ್ದರೆ ಇದಕ್ಕೆ ಕೈ ಹಾಕಬೇಡ ಅಂತ ದಿ ಗ್ರಾಸ್ಸಿಯ ಕಾಲದಿಂದಲೂ ಹೇಳುತ್ತಾ ಬಂದಿದ್ದಾರೆ. ಮೊದಲ ಎರಡು ವರ್ಷ ಮರೆತುಬಿಡಿ.

ಬೇರೆ ಬೇರೆ ಜೋಡಿ ಎದುರಾದಾಗ

ಇಬ್ಬರ ಕೈಯಲ್ಲೂ ಒಂದೇ ಜೋಡಿ ಇದ್ದರೆ ಲೆಕ್ಕ ಸುಲಭ. ರೇಪಿಯರ್-ಬಾಕಿನ ಎದುರು ಕತ್ತಿ-ಬಕ್ಲರ್ ಬಂದರೆ? ಲಾಂಗ್‌ಸೋರ್ಡ್ ಬಂದರೆ?

ಸಿಲ್ವರ್ 1599ರ ತನ್ನ ಪುಸ್ತಕದಲ್ಲಿ ಇದಕ್ಕೊಂದು ಏಣಿಯನ್ನೇ ಕೊಟ್ಟಿದ್ದಾನೆ. ಎಲ್ಲಕ್ಕಿಂತ ಕೆಳಗೆ ರೇಪಿಯರ್, ಬಾಕು ಇದ್ದರೂ ಅಷ್ಟೇ. ಅದರ ಮೇಲೆ ಕತ್ತಿ-ಬಾಕು, ಅದರ ಮೇಲೆ ಕತ್ತಿ-ದೊಡ್ಡ ಗುರಾಣಿ, ಅದರ ಮೇಲೆ ಕತ್ತಿ-ಬಕ್ಲರ್, ಅದರ ಮೇಲೆ ಎರಡುಗೈ ಕತ್ತಿ, ಆಮೇಲೆ ಯುದ್ಧದ ಕೊಡಲಿ, ಹಾಲ್ಬರ್ಡ್ (ಉದ್ದ ಕೋಲಿನ ತುದಿಗೆ ಕೊಡಲಿ, ಮೊನೆ ಎರಡೂ ಇರುವ ಆಯುಧ), ಅವೆಲ್ಲದರ ಮೇಲೆ ಎಂಟೊಂಬತ್ತು ಅಡಿಯ ಕೋಲು ಮತ್ತು ಅಂಥವು. ಓದಲು ಚೆಂದ, ಆದರೆ ಮನುಷ್ಯನಿಗೆ ಲಂಡನ್ನಿನಲ್ಲಿ ಅಂಗಡಿ ಹಾಕಿದ್ದ ಇಟಾಲಿಯನ್ ಗುರುಗಳನ್ನು ಕಂಡರೆ ಮೈ ಉರಿಯುತ್ತಿತ್ತು, ರೇಪಿಯರ್ ತಳಕ್ಕೆ ಹೋದದ್ದರಲ್ಲಿ ಆ ಉರಿಯ ಪಾಲೂ ಇದೆ. ಬಯಲಲ್ಲಿ, ಹಿಂದೆ ಸರಿಯಲು ಜಾಗ ಇರುವ ಕಡೆ, ಒಳ್ಳೆಯ ರೇಪಿಯರ್‌ನವನು ಬಕ್ಲರ್‌ನವನನ್ನು ಕಾಡುವುದನ್ನು ನಾನು ತುಂಬಾ ಸಲ ನೋಡಿದ್ದೇನೆ. ಕೋಲಿನ ವಿಷಯದಲ್ಲಿ ಮಾತ್ರ ಸಿಲ್ವರ್ ನೂರಕ್ಕೆ ನೂರು ಸರಿ. ಕೋಲಿನವನ ಎದುರು ಕತ್ತಿ ಹಿಡಿದು ನಿಂತು ನೋಡಿ, ಆಮೇಲೆ ಮಾತಾಡೋಣ.

ನಾನು ಪಾಲಿಸುವ ಕ್ರಮ ಇದು. ಎರಡೂ ಕಡೆಯ ಉದ್ದದ ಆಯುಧ ಅಳೆಯಿರಿ. ಒಂದು ಗೇಣಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಗಿಡ್ಡದವನಿಗೆ ಎಡಗೈಯಲ್ಲಿ ಏನಾದರೂ ಇರಲೇಬೇಕು. ಉದ್ದದವನು ಕಾಯುತ್ತಾನೆ, ಗಿಡ್ಡದವನು ಮೊನೆ ದಾಟಿ ಒಳಗೆ ಹೋಗಬೇಕು, ದಾಟುವ ಆ ಒಂದು ಹೆಜ್ಜೆಯಲ್ಲಿ ಎದುರಿನ ಅಲಗನ್ನು ಹಿಡಿದಿಡುವುದು ಎಡಗೈ. ಅಂಗಳ ಚಿಕ್ಕದಿದ್ದರೆ ಗಿಡ್ಡದವನಿಗೆ ಲಾಭ. ಹಾಗಾಗಿ ಸಮ ಮಾಡಲು ಆಯುಧವನ್ನೇ ಬದಲಿಸಬೇಕಿಲ್ಲ, ಗೆರೆಯನ್ನು ಒಳಗೆ ಸರಿಸಿದರೂ ಆಗುತ್ತದೆ. ಈ ಉಪಾಯವೂ ಹಳೆಯದೇ. ಜರ್ಮನ್ ಕತ್ತಿವರಸೆ ಗುರು ಟಾಲ್‌ಹೋಫರ್‌ನ 1467ರ ಪುಸ್ತಕದಲ್ಲಿ ಗಂಡ ಹೆಂಡತಿಯ ನ್ಯಾಯದ ಕಾಳಗದ ಚಿತ್ರಗಳಿವೆ. ಗಂಡಸನ್ನು ಸೊಂಟದವರೆಗೆ ಗುಂಡಿಯಲ್ಲಿ ನಿಲ್ಲಿಸಿ ಕೈಗೆ ದೊಣ್ಣೆ ಕೊಟ್ಟಿದ್ದಾರೆ, ಹೆಂಗಸು ಹೊರಗೆ ಓಡಾಡುತ್ತಾ ಬಟ್ಟೆಯಲ್ಲಿ ಕಟ್ಟಿದ ಕಲ್ಲು ಬೀಸುತ್ತಾಳೆ.

ಎಡಚರ ಬಗ್ಗೆ ಒಂದು ಮಾತು. ಇಬ್ಬರು ಬಲಗೈಯವರು ಎದುರುಬದುರಾದರೆ ನಿಮ್ಮ ಬಾಕಿನ ಎದುರಿಗೆ ಅವನ ಕತ್ತಿ ಬರುತ್ತದೆ, ತಡೆಗೆ ಅನುಕೂಲ. ಎಡಚ ಬಂದರೆ ಕತ್ತಿ ಎದುರು ಕತ್ತಿ, ಬಾಕು ಎದುರು ಬಾಕು. ನಿಮ್ಮ ಬಾಕಿಗೆ ಕೆಲಸವೇ ಸಿಗುವುದಿಲ್ಲ, ಅವನಿಗೆ ಇದು ದಿನಾ ಅಭ್ಯಾಸ. ಎಡಚನ ಎದುರು ಕೆಲವು ಸಲ ಒಂಟಿ ರೇಪಿಯರ್ ಆರಿಸಿದರೇ ವಾಸಿ.

ಕವಚ ಜೋಡಿಗೆ ತಕ್ಕಂತೆ

ಮಾಸ್ಕ್, ಕುತ್ತಿಗೆಪಟ್ಟಿ, ತಲೆಯ ಹಿಂಭಾಗದ ಕವಚ, ಜಾಕೆಟ್, ಇವು ಎಲ್ಲಕ್ಕೂ ಬೇಕು. ಜಾಕೆಟ್ ಮೇಲೆ 350 ಅಥವಾ 800 ನ್ಯೂಟನ್ ಅಂತ ಬರೆದಿರುತ್ತದೆ. ಅದು ಬಟ್ಟೆ ತೂತಾಗದೆ ಎಷ್ಟು ಒತ್ತಡ ತಡೆಯುತ್ತದೆ ಅನ್ನುವ ಲೆಕ್ಕ, ಏಟಿನ ನೋವು ಎಷ್ಟು ಕಡಿಮೆ ಮಾಡುತ್ತದೆ ಅಂತ ಅಲ್ಲ. ರೇಪಿಯರ್‌ನಂಥ ತಿವಿಯುವ ಆಯುಧಕ್ಕೆ ಈ ಅಂಕಿ ಮುಖ್ಯ, ಲಾಂಗ್‌ಸೋರ್ಡ್‌ಗೆ ಒಳಗಿನ ಹತ್ತಿ ಪದರವೂ ಅಷ್ಟೇ ಮುಖ್ಯ. ಗ್ಲೌಸ್ ವಿಷಯದಲ್ಲಿ ಜಿಪುಣತನ ಬೇಡ. ಲಾಂಗ್‌ಸೋರ್ಡ್‌ಗೆ ಬೆರಳು ಪೂರ್ತಿ ಮುಚ್ಚುವ ಗಟ್ಟಿ ಗ್ಲೌಸ್ ಬೇಕು, ಅದೇ ಗ್ಲೌಸ್ ರೇಪಿಯರ್ ಹಿಡಿಯ ಕಂಬಿಗಳ ಒಳಗೆ ತೂರುವುದಿಲ್ಲ. ಬಾಕಿನ ಕೈಗೆ ಬಲಗೈಗಿಂತ ಗಟ್ಟಿ ಗ್ಲೌಸ್ ಹಾಕಿ, ಏಟು ಜಾಸ್ತಿ ಬೀಳುವುದು ಅಲ್ಲಿಗೇ. ಎಲ್ಲ ಮೊನೆಯೂ ಮಡಚಿದ್ದೋ ಅಗಲವಾಗಿದ್ದೋ ಇರಬೇಕು, ಮೇಲೆ ರಬ್ಬರ್ ಟೋಪಿ. ಬಾಕಿನ ಅಲಗು ಬಾಗಬೇಕು, ಬಾಗದ್ದನ್ನು ಹಿಡಿದವನ ಜೊತೆ ಆಡಲೇಬೇಡಿ. ಉಕ್ಕಿನ ಹಾಲ್ಬರ್ಡ್ ಜೋರು ಆಟಕ್ಕೆ ಅಲ್ಲ.

ವಿದೇಶದಲ್ಲಿದ್ದು ಊರಿಗೆ ತರಲು ಯೋಚಿಸುತ್ತಿರುವವರು ಒಂದು ಗಮನಿಸಿ. ಭಾರತದಲ್ಲಿ ಕತ್ತಿ ಬಾಕು ಎಲ್ಲ 1959ರ ಆರ್ಮ್ಸ್ ಆಕ್ಟ್ ವ್ಯಾಪ್ತಿಗೆ ಬರುತ್ತವೆ. ಮೊಂಡು ಅಲಗು ಅಂತ ಕಸ್ಟಮ್ಸ್‌ನಲ್ಲಿ ವಾದ ಮಾಡುವ ಪರಿಸ್ಥಿತಿ ತಂದುಕೊಳ್ಳುವ ಬದಲು ಮೊದಲೇ ವಿಚಾರಿಸಿ. ಶುರುವಿನ ಅಭ್ಯಾಸಕ್ಕೆ ಪ್ಲಾಸ್ಟಿಕ್ ಕತ್ತಿ, ಮರದ ಬಾಕು ಸಾಕು.

ಕೊನೆಯ ಹೆಜ್ಜೆ: ಕೊಳ್ಳುವ ಮುನ್ನ 20 ಸುತ್ತು ಆಡಿ

ಸಾಲ ತಂದ ಆಯುಧದಲ್ಲಿ, ಒಬ್ಬನೇ ಗೆಳೆಯನ ಜೊತೆ. ಮೊದಲ ಐದು ಸುತ್ತು ಒಂಟಿ ಕತ್ತಿ, ಮುಂದಿನ ಐದು ಬಕ್ಲರ್ ಜೊತೆ, ಆಮೇಲೆ ಐದು ಬಾಕಿನ ಜೊತೆ, ಕೊನೆಯ ಐದರಲ್ಲಿ ಆಯುಧ ಅದಲು ಬದಲು. ಗೆದ್ದದ್ದು ಸೋತದ್ದು ಬರೆಯಬೇಡಿ. ಎರಡೇ ವಿಷಯ ಬರೆಯಿರಿ. ಇಬ್ಬರಿಗೂ ಒಟ್ಟಿಗೆ ಏಟು ಬಿದ್ದದ್ದು ಎಷ್ಟು ಸಲ, ಮತ್ತು ಎಡಗೈಯ ವಸ್ತು ನಿಜವಾಗಿ ಎದುರಿನ ಅಲಗನ್ನು ಮುಟ್ಟಿದ್ದು ಎಷ್ಟು ಸಲ. ಎರಡನೇ ಅಂಕಿ ಸೊನ್ನೆಯೋ ಒಂದೋ ಆಗಿದ್ದರೆ ಆ ಜೋಡಿ ನಿಮ್ಮದಲ್ಲ, ಇನ್ನೂ ಅಲ್ಲ. ನನ್ನ ಮೊದಲ ಪಟ್ಟಿಯಲ್ಲಿ ಬಕ್ಲರ್ ಸಾಲಿನಲ್ಲಿ ಒಂದು ಅಂತ ಇತ್ತು, ಅದೂ ನಾನು ಕೈಜಾರಿ ಬೀಳಿಸಿದಾಗ ಗೆಳೆಯನ ಕತ್ತಿಗೆ ತಗುಲಿದ್ದು.